ಭಾಗವತರನ್ನು ಬದಲಿಸಿದರೆ ಸಾಕೇ?

2025ರ ಏಪ್ರಿಲ್ ಕೊನೆಯ ವಾರ. ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ, ಊರಿನವರು ಚಿಕ್ಕದಾಗಿ ‘ಯುವ ಭಾರತಿ’ ಎನ್ನುವ ದೊಡ್ಡ ಕ್ರೀಡಾಂಗಣದ ಹೊರಗೆ, ಮಣ್ಣಿನ ಕುಡಿಕೆಯ ಚಹಾ ಹಿಡಿದು ನಿಂತಿರುವ ಇಬ್ಬರು ಕನ್ನಡಿಗರು. ಹಿರಿಯರು ಕರಾವಳಿಯವರು, ಬ್ಯಾಂಕಿನ ವರ್ಗಾವಣೆಯಲ್ಲಿ ಇಲ್ಲಿಗೆ ಬಂದು, ನಿವೃತ್ತಿಯ ನಂತರವೂ ಇಲ್ಲೇ ಉಳಿದವರು. ಯುವಕ ಬೆಂಗಳೂರಿನವನು, ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಕಚೇರಿಯಲ್ಲಿ ಕೆಲಸ. ಇಬ್ಬರ ತಂಡವೂ ಈಸ್ಟ್ ಬೆಂಗಾಲ್. 1920ರಲ್ಲಿ ಹುಟ್ಟಿದ ಆ ಕ್ಲಬ್ಬಿನ ಬಣ್ಣ ಕೆಂಪು ಮತ್ತು ಹಳದಿ. ಬಂಗಾಳಿಗಳು ‘ಲಾಲ್ ಹೊಲುದ್’ ಎನ್ನುವುದು ಕನ್ನಡಿಗರ ಕಣ್ಣಿಗೆ ಅರಿಶಿನ ಕುಂಕುಮವೇ. ಏಪ್ರಿಲ್ 20ರಂದು ಭುವನೇಶ್ವರದಲ್ಲಿ, ಹಿಂದಿನ ವರ್ಷ ತಾನೇ ಗೆದ್ದಿದ್ದ ಸೂಪರ್ ಕಪ್‌ನ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ಕೇರಳ ಬ್ಲಾಸ್ಟರ್ಸ್ ಎದುರು 0-2ರಿಂದ ಸೋತಿದೆ. ಅದಕ್ಕೂ ಎಂಟು ದಿನ ಮೊದಲು ಸಾಲ್ಟ್ ಲೇಕ್‌ನ ಇದೇ ಅಂಗಳದಲ್ಲಿ, ಊರಿನ ಎದುರಾಳಿ ಮೋಹನ್ ಬಾಗಾನ್ ತಂಡ ಬೆಂಗಳೂರು ಎಫ್‌ಸಿಯನ್ನು ಹೆಚ್ಚುವರಿ ಸಮಯದಲ್ಲಿ 2-1ರಿಂದ ಮಣಿಸಿ ಇಂಡಿಯನ್ ಸೂಪರ್ ಲೀಗ್ ಅಂದರೆ ಐಎಸ್‌ಎಲ್ ಕಪ್ ಎತ್ತಿದೆ. ಹುಡುಗನಿಗೆ ಎರಡೂ ಕಡೆಯ ನೋವು. ಫುಟ್‌ಬಾಲ್ ತಮ್ಮ ನಾಡಿನ ಮಾತಲ್ಲ ಎಂದುಕೊಳ್ಳುವ ಓದುಗರೂ ಈ ವಾದವನ್ನು ಕೇಳಬೇಕು. ಒಂದು ತಂಡ ಕೆಟ್ಟಾಗ ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಮೈದಾನಕ್ಕೆ ಮಾತ್ರ ಸೇರಿದ್ದಲ್ಲ.

ಯುವಕ: ಲೆಕ್ಕ ನೋಡಿ ಸಾರ್. ಐಎಸ್‌ಎಲ್‌ಗೆ ಬಂದು ಐದು ಸೀಸನ್ ಆಯಿತು. ಒಂಬತ್ತನೇ ಸ್ಥಾನ, ಹನ್ನೊಂದು, ಮತ್ತೆ ಒಂಬತ್ತು, ಒಂಬತ್ತು, ಈ ವರ್ಷವೂ ಒಂಬತ್ತು. ಈ ಸಲ 24 ಪಂದ್ಯಕ್ಕೆ ನಮ್ಮದು 28 ಅಂಕ, ಮೋಹನ್ ಬಾಗಾನ್‌ದು 56. ಸರಿಯಾಗಿ ಎರಡರಷ್ಟು. ಐಎಸ್‌ಎಲ್‌ನಲ್ಲಿ ಅವರೆದುರು ಹತ್ತು ಡರ್ಬಿ ಆಡಿದ್ದೇವೆ, ಒಂಬತ್ತು ಸೋತಿದ್ದೇವೆ, ಒಂದು ಸಮ. ಇಷ್ಟಾದ ಮೇಲೂ ಕೋಚ್ ಬಗ್ಗೆ ತಾಳ್ಮೆ ಇರಲಿ, ಆಟಗಾರರ ಬಗ್ಗೆ ತಾಳ್ಮೆ ಇರಲಿ ಅಂದರೆ ಹೇಗೆ? ಹನ್ನೊಂದು ಜನರನ್ನು ಆರಿಸುವವರು ಕೋಚ್, ಯಾವ ಆಟ ಆಡಬೇಕು ಅಂತ ಹೇಳುವವರು ಕೋಚ್, ಅರವತ್ತನೇ ನಿಮಿಷದಲ್ಲಿ ಯಾರನ್ನು ಹೊರಗೆ ಕರೆಯಬೇಕು ಅಂತ ತೀರ್ಮಾನಿಸುವವರೂ ಅವರೇ. ಸೋತರೆ ಮೊದಲು ಅವರನ್ನೇ ಕೇಳಬೇಕು. ಆಮೇಲೆ ಆಟಗಾರರನ್ನು. ಸ್ಟ್ರೈಕರ್ ಡಯಮಾಂಟಕೋಸ್ ಕೇರಳದಲ್ಲಿ ಆಡಿದ ಕೊನೆಯ ವರ್ಷ 13 ಗೋಲು ಹೊಡೆದು ಐಎಸ್‌ಎಲ್‌ನ ಗೋಲ್ಡನ್ ಬೂಟ್ ಪಡೆದವರು. ನಮ್ಮ ಅಂಗಿ ತೊಟ್ಟ ವರ್ಷ ಐಎಸ್‌ಎಲ್‌ನಲ್ಲಿ ಅವರದು ನಾಲ್ಕೇ ಗೋಲು. ಅದೇ ಮನುಷ್ಯ, ಅದೇ ಕಾಲು. ಇದಕ್ಕೆ ಯಾರೂ ಉತ್ತರ ಕೊಡಬೇಕಿಲ್ಲವೇ?

ಹಿರಿಯರು: ಉತ್ತರ ಕೊಡಬೇಕು, ಅದರಲ್ಲಿ ನಮ್ಮಿಬ್ಬರದು ಒಂದೇ ಮಾತು. ಆದರೆ ಆ ಐದು ಸೀಸನ್‌ಗೆ ಕೋಚ್‌ಗಳು ಎಷ್ಟು ಜನ ಅಂತ ಎಣಿಸು ಮಾರಾಯ. ರಾಬಿ ಫೌಲರ್, ಮನೋಲೊ ಡಯಾಜ್, ಮಾರಿಯೊ ರಿವೇರಾ, ಸ್ಟೀಫನ್ ಕಾನ್‌ಸ್ಟಂಟೈನ್, ಕಾರ್ಲೆಸ್ ಕ್ವಾದ್ರಾತ್, ಈಗ ಆಸ್ಕರ್ ಬ್ರುಝೋನ್. ನಡುವೆ ಹಂಗಾಮಿಯಾಗಿ ನಿಂತವರು ಬೇರೆ. ಕಾನ್‌ಸ್ಟಂಟೈನ್ ಭಾರತವನ್ನು 2019ರ ಏಷ್ಯನ್ ಕಪ್‌ಗೆ ಕರೆದೊಯ್ದವರು. ಕ್ವಾದ್ರಾತ್ ನಿನ್ನ ಊರಿನ ತಂಡಕ್ಕೇ 2018-19ರಲ್ಲಿ ಐಎಸ್‌ಎಲ್ ಗೆದ್ದುಕೊಟ್ಟವರು. ಇವರೆಲ್ಲ ಹೌರಾ ಸೇತುವೆ ದಾಟಿದ ತಕ್ಷಣ ಕಲಿತದ್ದನ್ನು ಮರೆತುಬಿಟ್ಟರೇ? ಆರು ಜನ ಬೇರೆ ಬೇರೆ ಅಡುಗೆಯವರು ಬಂದರೂ ಸಾರು ಒಂದೇ ರೀತಿ ಕೆಡುತ್ತಿದೆ ಅಂದರೆ ಅಡುಗೆಯವರನ್ನು ಬಿಟ್ಟು ಸಾಮಾನು ತರುವವರ ಕಡೆ ನೋಡಬೇಕು. 2020ರಲ್ಲಿ ಏನಾಯಿತು? ಬೆಂಗಳೂರಿನ ಕ್ವೆಸ್ ಕಂಪನಿ ಪಾಲು ಬಿಟ್ಟು ಹೋಗಿತ್ತು. ಹೊಸ ಹೂಡಿಕೆದಾರರಾಗಿ ಶ್ರೀ ಸಿಮೆಂಟ್ ಬಂದದ್ದು ಸೆಪ್ಟೆಂಬರಿನಲ್ಲಿ, ಐಎಸ್‌ಎಲ್‌ಗೆ ನಮ್ಮನ್ನು ಸೇರಿಸಿಕೊಂಡದ್ದು ಆ ತಿಂಗಳ ಕೊನೆಗೆ, ಫೌಲರ್ ನೇಮಕ ಅಕ್ಟೋಬರಿನಲ್ಲಿ, ಮೊದಲ ಪಂದ್ಯ ನವೆಂಬರ್ 27ಕ್ಕೆ. ಅದೂ ಡರ್ಬಿ. ಮರುವರ್ಷ ಕ್ಲಬ್ಬಿಗೂ ಕಂಪನಿಗೂ ಒಪ್ಪಂದದ ಜಗಳ. ಅದು ಬಗೆಹರಿದದ್ದು ಆಗಸ್ಟ್ ಕೊನೆಗೆ. ಆ ವರ್ಷ 20 ಪಂದ್ಯದಲ್ಲಿ ಗೆದ್ದದ್ದು ಒಂದು. 2022ರಲ್ಲಿ ಹೊಸ ಹೂಡಿಕೆದಾರರಾದ ಇಮಾಮಿ ಜೊತೆ ಒಪ್ಪಂದಕ್ಕೆ ಸಹಿಯಾದಾಗಲೂ ಆಗಸ್ಟ್. ಬೇರೆಯವರು ಏಪ್ರಿಲ್, ಮೇನಲ್ಲೇ ಒಳ್ಳೆಯ ಆಟಗಾರರಿಗೆ ಸಹಿ ಹಾಕಿಸಿ ಮುಗಿಸಿರುತ್ತಾರೆ. ಸಂತೆ ಮುಗಿದ ಮೇಲೆ ಹೋದವನ ಚೀಲಕ್ಕೆ ಏನು ಸಿಗುತ್ತದೆ?

ನಮ್ಮ ಕಡೆಯ ಯಕ್ಷಗಾನ ಮೇಳ ನೋಡು. ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಾರೆ. ಮುಂದಿನ ತಿರುಗಾಟ ಶುರುವಾಗುವುದು ಮಳೆಗಾಲ ಕಳೆದ ಮೇಲೆ. ಆ ನಡುವಿನ ತಿಂಗಳುಗಳಲ್ಲಿ ಮೇಳದ ಯಜಮಾನರು ಯಾವ ಸ್ತ್ರೀವೇಷ, ಯಾವ ಬಣ್ಣದ ವೇಷ, ಯಾವ ಹಾಸ್ಯಗಾರರನ್ನು ಗೊತ್ತುಮಾಡುತ್ತಾರೋ ಅದರ ಮೇಲೆ ಇಡೀ ತಿರುಗಾಟ ನಿಂತಿದೆ. ರಂಗಸ್ಥಳದಲ್ಲಿ ಕಾಣುವುದು ಭಾಗವತರು, ಸಭೆಯವರು ಸಿಟ್ಟಾಗುವುದೂ ಅವರ ಮೇಲೆ. ಮಳೆಗಾಲದಲ್ಲಿ ನಡೆದದ್ದು ಯಾರಿಗೂ ಕಾಣುವುದಿಲ್ಲ. ನಾವು ಈಸ್ಟ್ ಬೆಂಗಾಲ್‌ನಲ್ಲಿ ಐದು ವರ್ಷದಿಂದ ಭಾಗವತರನ್ನೇ ಬದಲಿಸುತ್ತಿದ್ದೇವೆ.

ಯುವಕ: ಯಕ್ಷಗಾನದ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ ಸಾರ್. ಆದರೂ ಭಾಗವತರನ್ನು ಮೊದಲನೇ ವೇಷ ಅಂತ ನಿಮ್ಮ ಕಡೆಯವರೇ ಕರೆಯುತ್ತಾರಲ್ಲ, ಅದು ಸುಮ್ಮನೆ ಅಲ್ಲ ತಾನೇ? ತಾಳ ತಪ್ಪಿದರೆ ಎಷ್ಟು ಒಳ್ಳೆಯ ವೇಷಧಾರಿಯೂ ಏನು ಕುಣಿದಾನು? ನಿಮ್ಮ ವಾದ ಮೊದಲ ಮೂರು ವರ್ಷಕ್ಕೆ ಸರಿ, ಒಪ್ಪಿದೆ. ನಾಲ್ಕನೇ ವರ್ಷಕ್ಕೆ ಹೇಗೆ ಒಗ್ಗುತ್ತದೆ? ಕ್ವಾದ್ರಾತ್ ನೇಮಕವಾದದ್ದು 2023ರ ಏಪ್ರಿಲ್‌ನಲ್ಲಿ. ಹೂಡಿಕೆದಾರರು ಅವರೇ, ಇಡೀ ಬೇಸಿಗೆ ಕೈಯಲ್ಲಿತ್ತು. ಕೊನೆಗೂ ಒಂಬತ್ತನೇ ಸ್ಥಾನವೇ. ಮುಂದಿನ ವರ್ಷ ಇನ್ನೂ ಅನುಕೂಲ. ಗೋಲ್ಡನ್ ಬೂಟ್ ಪಡೆದ ಡಯಮಾಂಟಕೋಸ್ ಬಂದರು, ಪಂಜಾಬ್ ತಂಡದಲ್ಲಿ ಹತ್ತು ಗೋಲಿಗೆ ಪಾಸ್ ಕೊಟ್ಟಿದ್ದ ಮದೀಹ್ ತಲಾಲ್ ಬಂದರು, ಅನ್ವರ್ ಅಲಿಯನ್ನು ಮೋಹನ್ ಬಾಗಾನ್‌ನಿಂದಲೇ ಎಳೆದು ತಂದರು. ಸಂತೆಗೆ ಮೊದಲೇ ಹೋಗಿ ಚೀಲ ತುಂಬಿಸಿಕೊಂಡ ವರ್ಷ ಅದು. ಆದರೂ ಬೆಂಗಳೂರಿಗೆ 0-1, ಕೇರಳಕ್ಕೆ 1-2, ಗೋವಾಕ್ಕೆ 2-3. ಮೂರು ಪಂದ್ಯಕ್ಕೇ ಕ್ವಾದ್ರಾತ್ ರಾಜೀನಾಮೆ. ಆಮೇಲೂ ಮೂರು ಸೋಲು, ಆರು ಪಂದ್ಯಕ್ಕೆ ಸೊನ್ನೆ ಅಂಕ. ಉಳಿದ 18 ಪಂದ್ಯದಲ್ಲಿ ಬ್ರುಝೋನ್ 28 ಅಂಕ ಗಳಿಸಿಕೊಟ್ಟರು. ಅದೇ ವೇಗದಲ್ಲಿ 24 ಪಂದ್ಯಕ್ಕೂ ಲೆಕ್ಕ ಹಾಕಿ, 37 ಅಂಕ ಆಗುತ್ತದೆ. ಆರನೇ ಸ್ಥಾನದಲ್ಲಿ ಪ್ಲೇ ಆಫ್‌ಗೆ ಹೋದ ಮುಂಬೈ ಗಳಿಸಿದ್ದು 36. ಅದೇ ಆಟಗಾರರು, ಅದೇ ಯಜಮಾನರು. ಬದಲಾದದ್ದು ಭಾಗವತರು ಮಾತ್ರ.

ಈ ಲೆಕ್ಕವನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಅಭಿಮಾನಿಗಳ ಕೋಪವನ್ನು ಬರೀ ಭಾವುಕತೆ ಎನ್ನುವವರು ಇಂತಹ ಅಂಕಿಗಳನ್ನು ಎದುರಿಸಬೇಕು. ಹಿರಿಯರೂ ಎದುರಿಸಿದರು.

ಹಿರಿಯರು: ಚೆನ್ನಾಗಿ ಹೇಳಿದೆ. ಆದರೆ ನೀನು ಹೇಳಿದ ಆರು ಸೋಲಿನಲ್ಲಿ ಐದನೆಯದೂ ಆರನೆಯದೂ ಬ್ರುಝೋನ್ ಬಂದ ಮೇಲಿನವು. ಅಕ್ಟೋಬರ್ 19ರ ಡರ್ಬಿ 0-2, ಆಮೇಲೆ ಒಡಿಶಾ ಎದುರು 1-2. ಕೋಚ್ ಬದಲಾದ ಕೂಡಲೇ ತಂಡ ಬದಲಾಗಲಿಲ್ಲ. ಬದಲಾದದ್ದು ಎಲ್ಲಿ? ಭೂತಾನದಲ್ಲಿ. ಎಎಫ್‌ಸಿ ಚಾಲೆಂಜ್ ಲೀಗ್‌ಗೆ ಥಿಂಫುವಿಗೆ ಹೋದರು. ಪಾರೋ ಜೊತೆ 2-2, ಢಾಕಾದ ಬಸುಂಧರಾ ಕಿಂಗ್ಸ್ ಎದುರು 4-0, ಲೆಬನಾನಿನ ನೆಜ್ಮೆ ಎದುರು 3-2. ಗುಂಪಿನಲ್ಲಿ ಮೊದಲ ಸ್ಥಾನ. ಆ ಮೂರು ಪಂದ್ಯದಲ್ಲೂ ಡಯಮಾಂಟಕೋಸ್ ಗೋಲು ಹೊಡೆದರು, ನೀನು ಬೈಯುವ ಅದೇ ಡಯಮಾಂಟಕೋಸ್. ಒಂದೇ ಕಡೆ ಉಳಿದು, ಒಟ್ಟಿಗೆ ಉಂಡು, ಮೂರು ದಿನಕ್ಕೊಂದು ಪಂದ್ಯದಂತೆ ಒಬ್ಬರ ಓಟ ಇನ್ನೊಬ್ಬರಿಗೆ ಅರ್ಥವಾಗುವವರೆಗೆ ಆಡಿದರು. ಸೀಸನ್ ಶುರುವಾಗುವ ಮೊದಲು ಆಗಬೇಕಾದ ಕೆಲಸ ಅಲ್ಲಿ ಆಯಿತು. ಬ್ರುಝೋನ್ ಜಾಣರಲ್ಲ ಅಂತ ನಾನು ಹೇಳುತ್ತಿಲ್ಲ. ಅವರ ಜಾಣತನಕ್ಕೆ ಕೆಲಸ ಮಾಡಲು ಸಮಯ ಸಿಕ್ಕಿತು ಅಂತ ಹೇಳುತ್ತಿದ್ದೇನೆ.

ಇನ್ನು ಕ್ವಾದ್ರಾತ್. ಒಂಬತ್ತನೇ ಸ್ಥಾನ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟೆ. ಆ ವರ್ಷ ಡ್ಯುರಾಂಡ್ ಕಪ್‌ನಲ್ಲಿ ಮೋಹನ್ ಬಾಗಾನ್ ಎದುರು 1-0 ಗೆದ್ದು, ಎಂಟು ಡರ್ಬಿಗಳಿಂದ ಬರುತ್ತಿದ್ದ ಸೋಲಿನ ಸರಣಿ ಮುರಿದೆವು. ಫೈನಲ್‌ವರೆಗೂ ಹೋದೆವು. 2024ರ ಜನವರಿಯಲ್ಲಿ ಕಳಿಂಗ ಕ್ರೀಡಾಂಗಣದಲ್ಲಿ ಒಡಿಶಾವನ್ನು ಅವರ ಅಂಗಳದಲ್ಲೇ 3-2ರಿಂದ ಸೋಲಿಸಿ ಸೂಪರ್ ಕಪ್ ತಂದೆವು. 2012ರ ಫೆಡರೇಷನ್ ಕಪ್ ಆದ ಮೇಲೆ ದೇಶಮಟ್ಟದ ಮೊದಲ ಪ್ರಶಸ್ತಿ ಅದು, ಹನ್ನೆರಡು ವರ್ಷಕ್ಕೆ. ಬೇಸಿಗೆ ಪೂರ್ತಿ ಸಿಕ್ಕ ವರ್ಷವೇ ಕಪ್ ಬಂತು. ನನ್ನ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕೇ? ಅದೇ ಮನುಷ್ಯನಿಗೆ ಎಂಟು ತಿಂಗಳ ನಂತರ ಮೂರು ಸೋಲಿಗೆ ಇಲ್ಲಿ ಇರಲಾಗದ ಸ್ಥಿತಿ ಬಂತು. 2021ರ ಜನವರಿಯಲ್ಲಿ ಬೆಂಗಳೂರಿನಲ್ಲೂ ಅವರಿಗೆ ಹಾಗೆಯೇ ಆಗಿತ್ತು, ಸತತ ಮೂರು ಸೋಲಿಗೆ ಬಿಟ್ಟುಕೊಟ್ಟರು. ಕ್ವಾದ್ರಾತ್ ಹೋದ ಮೇಲೆ ಬೆಂಗಳೂರು ಆ ಸಲ ಏಳನೇ ಸ್ಥಾನಕ್ಕೆ ನಿಂತಿತು, ಮರುವರ್ಷ ಆರು. ಆದರೆ 2023-24ರಲ್ಲಿ ಹತ್ತನೇ ಸ್ಥಾನಕ್ಕೆ ಬಿದ್ದಾಗ ಅದೇ ಬೆಂಗಳೂರು ಕೋಚ್ ಝರಗೋಝಾ ಅವರನ್ನು ಬಿಡಲಿಲ್ಲ. ಈ ವರ್ಷ ಮೂರನೇ ಸ್ಥಾನ, ಇದೇ ಅಂಗಳದಲ್ಲಿ ಫೈನಲ್. ತಾಳ್ಮೆಯ ಪಾಠ ನಿನ್ನ ಊರಿನಿಂದಲೇ ಬಂದಿದೆ.

ಯುವಕ: ನನ್ನ ಊರಿನ ಉದಾಹರಣೆ ಕೊಟ್ಟಿರಿ, ನಾನು ಈ ಊರಿನದೇ ಕೊಡುತ್ತೇನೆ. 2023ರ ಡಿಸೆಂಬರ್‌ನಲ್ಲಿ ಮೋಹನ್ ಬಾಗಾನ್ ಸತತ ಮೂರು ಪಂದ್ಯ ಸೋತಿತು. ಹಿಂದಿನ ಸೀಸನ್‌ನಲ್ಲಷ್ಟೇ ಕಪ್ ಗೆದ್ದುಕೊಟ್ಟಿದ್ದ ಹುವಾನ್ ಫೆರಾಂಡೊ ಅವರನ್ನು ಹೊಸ ವರ್ಷ ಹುಟ್ಟುವಾಗಲೇ ಕಳಿಸಿ ಆಂತೋನಿಯೊ ಹಬಾಸ್ ಅವರನ್ನು ತಂದರು. ಏಪ್ರಿಲ್ 15ಕ್ಕೆ ಈ ಗೇಟಿನ ಒಳಗೇ ಮುಂಬೈಯನ್ನು 2-1ರಿಂದ ಸೋಲಿಸಿ, ಅಂಕಪಟ್ಟಿಯ ಅಗ್ರಸ್ಥಾನಕ್ಕೆ ಕೊಡುವ ಲೀಗ್ ಶೀಲ್ಡ್ ಗೆದ್ದರು. ಮರುವರ್ಷ ಹಬಾಸ್ ಕೂಡ ಇಲ್ಲ, ಹೊಸೆ ಮೊಲಿನಾ ಬಂದರು. ಶೀಲ್ಡೂ ಕಪ್ಪೂ ಎರಡೂ ಬಂತು. ತಾಳ್ಮೆ ಇಲ್ಲದವರು ಗೆದ್ದರು, ತಾಳ್ಮೆಯ ಮಾತಾಡುವ ನಾವು ಹೊರಗೆ ನಿಂತು ಚಹಾ ಕುಡಿಯುತ್ತಿದ್ದೇವೆ.

ಹಿರಿಯರು: ಮೂರು ಸೀಸನ್, ಮೂರು ಕೋಚ್, ಮೂವರಿಗೂ ಪ್ರಶಸ್ತಿ. ಅಂದಮೇಲೆ ಗೆಲ್ಲುತ್ತಿರುವುದು ಯಾರು? ವಿಶಾಲ್ ಕೈತ್ ಗೋಲಿನಲ್ಲಿ ನಿಂತು ಈ ಸಲ 15 ಪಂದ್ಯದಲ್ಲಿ ಒಂದೂ ಗೋಲು ಬಿಡಲಿಲ್ಲ. ಶುಭಾಶಿಷ್ ಬೋಸ್ ಡಿಫೆಂಡರ್ ಆಗಿದ್ದೂ ಆರು ಗೋಲು ಹೊಡೆದರು. ಮನ್‌ವೀರ್, ಲಿಸ್ಟನ್, ಥಾಪಾ, ಸಹಲ್... ಮೈದಾನದಲ್ಲಿ ವಿದೇಶಿಯರು ನಾಲ್ಕೇ ಜನ ಇರಬಹುದು, ಉಳಿದ ಏಳು ಜನ ನಮ್ಮವರೇ ಆಗಬೇಕು. ಆ ಏಳು ಜನರನ್ನು ಅವರು ವರ್ಷದಿಂದ ವರ್ಷಕ್ಕೆ ಹಿಡಿದಿಟ್ಟುಕೊಂಡರು. ಅಂತಹ ಬುನಾದಿ ಇದ್ದರೆ ಮೇಲೆ ಯಾವ ಮೇಸ್ತ್ರಿ ಬಂದರೂ ಮನೆ ಏಳುತ್ತದೆ. ನೀನು ಕೊಟ್ಟ ಉದಾಹರಣೆ ನನ್ನ ಕಡೆಗೇ ವಾಲುತ್ತದೆ.

ಯುವಕ: ಯಾವ ಉದಾಹರಣೆ ಕೊಟ್ಟರೂ ನಿಮ್ಮ ಕಡೆ ವಾಲಿಸಿಕೊಳ್ಳುತ್ತೀರಿ. ಗೆದ್ದರೆ ಬುನಾದಿ, ಸೋತರೆ ಯಜಮಾನರು. ಹಾಗಾದರೆ ಕೋಚ್ ಅನ್ನುವವರಿಗೆ ಕೆಲಸವೇ ಇಲ್ಲ, ಅವರು ಒಳ್ಳೆಯವರೋ ಕೆಟ್ಟವರೋ ಅಂತ ಅಳೆಯುವ ದಾರಿಯೂ ಇಲ್ಲ. ಯಾವ ಫಲಿತಾಂಶ ಬಂದರೆ ನೀವು ನಿಮ್ಮ ವಾದ ತಪ್ಪು ಅಂತ ಒಪ್ಪುತ್ತೀರಿ, ಅದನ್ನು ಮೊದಲು ಹೇಳಿ ಸಾರ್.

ಹಿರಿಯರು: ನ್ಯಾಯವಾದ ಪ್ರಶ್ನೆ. ಹೇಳುತ್ತೇನೆ. ಒಂದು ತಂಡಕ್ಕೆ ಮೂರು ವರ್ಷ ಅದೇ ಏಳೆಂಟು ಭಾರತೀಯ ಆಟಗಾರರು, ಪ್ರತಿ ವರ್ಷ ಜುಲೈಗೆ ಅಭ್ಯಾಸ, ಗಾಯಗೊಂಡವರ ಜಾಗಕ್ಕೆ ಸರಿಯಾದ ಬದಲಿ, ಇಷ್ಟನ್ನು ಕೊಟ್ಟೂ ಅದು ಒಂಬತ್ತನೇ ಸ್ಥಾನದಲ್ಲೇ ಇದ್ದರೆ ಕೋಚ್ ತಪ್ಪು ಅಂತ ನಾನೇ ಎದ್ದು ನಿಂತು ಹೇಳುತ್ತೇನೆ. ಈಸ್ಟ್ ಬೆಂಗಾಲ್‌ನಲ್ಲಿ ಆ ಪರೀಕ್ಷೆ ಇನ್ನೂ ನಡೆದೇ ಇಲ್ಲ. ನಮ್ಮ ಹಳೆಯ ಚರಿತ್ರೆ ಹೇಳುವುದೂ ಇದನ್ನೇ. 1949ರಿಂದ ಮೂರು ವರ್ಷ ಸತತವಾಗಿ ಐಎಫ್‌ಎ ಶೀಲ್ಡ್ ಗೆದ್ದ ತಂಡದ ಮುಂಚೂಣಿಯ ಐವರನ್ನು ಪಂಚಪಾಂಡವರು ಅಂತ ಇವತ್ತಿಗೂ ಕರೆಯುತ್ತಾರೆ: ಸಾಲೆ, ಅಪ್ಪಾರಾವ್, ಧನರಾಜ್, ವೆಂಕಟೇಶ್, ಅಹ್ಮದ್ ಖಾನ್. ಎಲ್ಲರೂ ದಕ್ಷಿಣದವರು. ಅಹ್ಮದ್ ಖಾನ್ ಬೆಂಗಳೂರಿನವರು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿದ ತಂಡದವರು. ಅವರನ್ನೆಲ್ಲ ಹುಡುಕಿ ಒಟ್ಟುಗೂಡಿಸಿದ್ದು ಕೋಚ್ ಅಲ್ಲ, ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ಜ್ಯೋತಿಷ್ ಗುಹ. ಬಂಗಾಳದಲ್ಲಿ ಆಟಗಾರರು ತುಂಬಿದ್ದ ಕಾಲದಲ್ಲಿ ಒಬ್ಬ ಕಾರ್ಯದರ್ಶಿ ದಕ್ಷಿಣದ ಕಡೆ ಕಣ್ಣು ಹಾಯಿಸಿದರು. ಆ ಕಣ್ಣೇ ಮೂರು ಶೀಲ್ಡ್ ಗೆದ್ದದ್ದು. ಇವತ್ತು ನಮಗೆ ಬೇಕಾಗಿರುವುದು ಆ ಕೆಲಸ.

ಯುವಕ: ಅದೇ ಚರಿತ್ರೆಯ ಇನ್ನೊಂದು ಪುಟವನ್ನೂ ತೆರೆಯಿರಿ. 1972ರಲ್ಲಿ ಪಿ.ಕೆ. ಬ್ಯಾನರ್ಜಿ ಕೋಚ್ ಆಗಿ ಬಂದರು. ನಾಲ್ಕು ವರ್ಷ ಕಲ್ಕತ್ತ ಲೀಗ್ ಅವರ ಕೈಯಲ್ಲೇ ಉಳಿಯಿತು, 1970ರಿಂದ 75ರವರೆಗೆ ಸತತ ಆರು ಲೀಗ್ ಆಯಿತು. 1975ರ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ 5-0. 1997ರ ಜುಲೈ 13ಕ್ಕೆ ಬನ್ನಿ, ಇದೇ ಯುವ ಭಾರತಿ. ಫೆಡರೇಷನ್ ಕಪ್ ಸೆಮಿಫೈನಲ್, ಒಳಗೆ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನ. ಮೋಹನ್ ಬಾಗಾನ್‌ನ ಅಮಲ್ ದತ್ತ ತಮ್ಮ ಡೈಮಂಡ್ ವ್ಯೂಹದಿಂದ ದೇಶವನ್ನೇ ಬೆರಗುಗೊಳಿಸಿದ್ದ ವರ್ಷ ಅದು. ನಮ್ಮ ಕಡೆ ಮತ್ತೆ ಪಿ.ಕೆ. ಆ ದಿನ ಮೋಹನ್ ಬಾಗಾನ್ ತಂಡವೂ ಒಳ್ಳೆಯದೇ, ಮೊದಲೇ ಕಟ್ಟಿದ್ದೇ, ಫಾರ್ಮ್‌ನಲ್ಲಿ ಇದ್ದದ್ದೇ. ಎದುರಾಳಿ ಆಟಗಾರರ ಹೆಸರು ಹಿಡಿದು ದತ್ತ ಆಡಿದ ಲೇವಡಿಯನ್ನೇ ಪಿ.ಕೆ. ತಮ್ಮ ಹುಡುಗರ ಎದೆಯಲ್ಲಿ ಬೆಂಕಿ ಮಾಡಿದರು. ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದರು, 4-1. ಆಟಗಾರನ ಮನಸ್ಸನ್ನು ತೊಂಬತ್ತು ನಿಮಿಷಕ್ಕೆ ಕಟ್ಟುವುದು ಯಾವ ಯಜಮಾನರ ಕೈಯಲ್ಲೂ ಇಲ್ಲ ಸಾರ್, ಕೋಚ್ ಕೈಯಲ್ಲೇ ಇರುವುದು. ಅದು ಗೆದ್ದಾಗ ಅವರದ್ದು ಅಂತಾದರೆ ಸೋತಾಗಲೂ ಅವರದ್ದೇ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. 1997ರ ಹೆಸರು ಎತ್ತಿದರೆ ಈಸ್ಟ್ ಬೆಂಗಾಲ್‌ನವರು ಯಾರೂ ಎದುರಾಡುವುದಿಲ್ಲ. ಆದರೆ ಆ ಪಂದ್ಯದಿಂದ ಇಬ್ಬರ ವಾದಕ್ಕೂ ಸ್ವಲ್ಪ ಸ್ವಲ್ಪ ಬಲ ಸಿಗುತ್ತದೆ ಎಂದೇ ನನಗೆ ಅನ್ನಿಸುತ್ತದೆ. ಒಂದು ಪಂದ್ಯವನ್ನು ಕೋಚ್ ಗೆಲ್ಲಿಸಿಕೊಡಬಲ್ಲರು, ಒಂದು ಸೀಸನ್ ಗೆಲ್ಲುವುದಕ್ಕೆ ಕ್ಲಬ್ಬು ಬೇಕು. ಅಭಿಮಾನಿ ಟಿಕೆಟ್ ಕೊಳ್ಳುವುದು ಪಂದ್ಯಕ್ಕೆ, ನೋವು ಅನುಭವಿಸುವುದು ಸೀಸನ್ ಪೂರ್ತಿ. ಅವನ ಕೋಪದ ಗುರಿ ತಪ್ಪುವುದು ಈ ಎರಡರ ನಡುವೆ.

ಹಿರಿಯರು: ಪಿ.ಕೆ. ವಿಷಯದಲ್ಲಿ ನಾನು ಸೋತೆ, ಆಯಿತೇ? ಆದರೆ ಆಟಗಾರರ ವಿಷಯದಲ್ಲಿ ನೀನು ಅನ್ಯಾಯ ಮಾಡುತ್ತಿದ್ದೀಯ. ಸ್ಟ್ರೈಕರ್ ಅನ್ನುವವನು ಒಂಟಿಯಾಗಿ ಗೋಲು ಹೊಡೆಯುವುದಿಲ್ಲ. ಅವನ ಕಾಲಿಗೆ ಚೆಂಡು ತಲುಪಬೇಕು. ಅದನ್ನು ತಲುಪಿಸಲೆಂದೇ ತಂದ ತಲಾಲ್ ಡಿಸೆಂಬರ್‌ನಲ್ಲಿ ಮಂಡಿಗೆ ಗಾಯ ಮಾಡಿಕೊಂಡರು, ಸೀಸನ್ ಮುಗಿಯಿತು. ಅಲ್ಲಿಂದ ಮುಂದೆ ಡಯಮಾಂಟಕೋಸ್ ಮಿಡ್‌ಫೀಲ್ಡ್‌ವರೆಗೆ ತಾವೇ ಇಳಿದು ಬಂದು ಚೆಂಡು ಹುಡುಕುತ್ತಿದ್ದರು. ಕ್ಲೇಟನ್ ಸಿಲ್ವಾ ಅವರನ್ನು ನೆನೆ. ಬೆಂಗಳೂರಿನಿಂದ ಬಂದವರು. ನಾವು ಒಂಬತ್ತನೇ ಸ್ಥಾನದಲ್ಲಿದ್ದ 2022-23ರಲ್ಲೂ ಒಬ್ಬರೇ 12 ಗೋಲು ಹೊಡೆದರು. ಸೂಪರ್ ಕಪ್ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಗೆಲುವಿನ ಗೋಲೂ ಅವರದೇ. ಮುಂದಿನ ಜನವರಿಗೆ ಅವರನ್ನು ಕಳಿಸಿಕೊಟ್ಟೆವು. ವಯಸ್ಸಾಗಿತ್ತು, ಓಟ ತಗ್ಗಿತ್ತು, ಒಪ್ಪುತ್ತೇನೆ. ವಯಸ್ಸಾಗುತ್ತದೆ ಅಂತ ಒಂದು ವರ್ಷ ಮೊದಲೇ ಗೊತ್ತಿರಲಿಲ್ಲವೇ? ಅವರ ಜಾಗಕ್ಕೆ ಒಬ್ಬ ಹುಡುಗನನ್ನು ಆ ಒಂದು ವರ್ಷ ಅವರ ಪಕ್ಕದಲ್ಲೇ ಆಡಿಸಿ ಸಿದ್ಧಮಾಡಬಹುದಿತ್ತು. ಫಾರ್ಮ್ ಕೆಡುವುದು ಆಟಗಾರನದು, ಅದಕ್ಕೆ ತಯಾರಿ ಇಲ್ಲದಿರುವುದು ಕ್ಲಬ್ಬಿನದು.

ಯುವಕ: ಗಾಯಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಕೆಂಪು ಕಾರ್ಡಿಗೆ? ನವೆಂಬರ್‌ನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಎದುರು ಮೊದಲಾರ್ಧದಲ್ಲೇ ನಂದಕುಮಾರ್, ಮಹೇಶ್ ಇಬ್ಬರೂ ಒಬ್ಬರ ಹಿಂದೊಬ್ಬರು ಹೊರಗೆ ನಡೆದರು. ಅದನ್ನು ಯಾವ ಹೂಡಿಕೆದಾರರು ಮಾಡಿಸಿದರು? ಜನವರಿಯ ಡರ್ಬಿ ಗುವಾಹಟಿಗೆ ಹೋಯಿತು, ಅಷ್ಟು ದೂರ ರೈಲು ಹತ್ತಿ ಹೋದ ಜನ ಇದ್ದಾರೆ. ಎರಡನೇ ನಿಮಿಷಕ್ಕೇ ಮೆಕ್ಲಾರನ್‌ಗೆ ಗೋಲು ಬಿಟ್ಟುಕೊಟ್ಟರು. ಎರಡನೇ ನಿಮಿಷದಲ್ಲಿ ಎಚ್ಚರ ಇಲ್ಲದಿರುವುದಕ್ಕೆ ಮಳೆಗಾಲದ ಒಪ್ಪಂದ ಕಾರಣ ಅಂತ ನನಗೆ ಒಪ್ಪಿಸಬೇಡಿ. ದುಡ್ಡು ತೆಗೆದುಕೊಂಡು ಆಡುವವರಿಗೆ ಎಚ್ಚರವಾಗಿರುವುದು ಮೊದಲ ಕೆಲಸ.

ಹಿರಿಯರು: ಎಚ್ಚರ ತಪ್ಪಿದ್ದು ನಿಜ. ಆದರೆ ಮೊಹಮ್ಮಡನ್ ಪಂದ್ಯದ ಉಳಿದ ಹೊತ್ತನ್ನೂ ಹೇಳು. ಒಂಬತ್ತೇ ಜನ, ಒಂದು ಗಂಟೆಯಷ್ಟು ಹೊತ್ತು, ಒಂದು ಗೋಲೂ ಬಿಡದೆ 0-0 ಹಿಡಿದರು. ಆರು ಸೋಲಿನ ನಂತರದ ಮೊದಲ ಅಂಕ ಅದು. ಮನಸ್ಸು ಕೊಡದ ಆಟಗಾರರು ಹಾಗೆ ಆಡುವುದಿಲ್ಲ. ಮುಂದಿನ ಪಂದ್ಯದಲ್ಲಿ ನಾರ್ತ್‌ಈಸ್ಟ್ ಎದುರು ಮೊದಲ ಗೆಲುವು ಬಂತು.

ಯುವಕ: ಹಾಗಾದರೆ ಮನಸ್ಸು ಇದೆ ಅಂತಾಯಿತು. ಇರುವ ಮನಸ್ಸನ್ನು 24 ಪಂದ್ಯದಲ್ಲೂ ಹೊರಗೆ ತರಿಸುವುದೇ ಕೋಚ್ ಕೆಲಸ ಅಂತ ನಾನು ಮೊದಲಿನಿಂದ ಹೇಳುತ್ತಿರುವುದು. ಇನ್ನೊಂದು ನೋಡಿ. ನಮ್ಮ ಹೆಂಗಸರ ತಂಡ ಈ ತಿಂಗಳೇ ಇಂಡಿಯನ್ ವಿಮೆನ್ಸ್ ಲೀಗ್ ಗೆದ್ದಿತು. 2003-04ರಲ್ಲಿ ಗಂಡಸರು ನ್ಯಾಷನಲ್ ಲೀಗ್ ಗೆದ್ದ ಮೇಲೆ ಈಸ್ಟ್ ಬೆಂಗಾಲ್‌ಗೆ ಬಂದ ಮೊದಲ ರಾಷ್ಟ್ರೀಯ ಲೀಗ್. ಅದೇ ಕ್ಲಬ್ಬು, ಅದೇ ಹೂಡಿಕೆದಾರರು, ಎದೆಯ ಮೇಲೆ ಅದೇ ದೀವಟಿಗೆ. ಕೋಚ್ ಮಾತ್ರ ಬೇರೆ, ಆಂಥನಿ ಆಂಡ್ರ್ಯೂಸ್. ಈ ಹಿಂದೆ ಗೋಕುಲಂ ಕೇರಳಕ್ಕೂ ಇದೇ ಲೀಗ್ ಗೆದ್ದುಕೊಟ್ಟವರು. ಗೆಲ್ಲುವುದು ಹೇಗೆ ಅಂತ ಗೊತ್ತಿರುವವರನ್ನು ತಂದರು, ಗೆದ್ದರು.

ಹಿರಿಯರು: ಆ ಗೆಲುವಿಗೆ ಇನ್ನೂ ಹೆಚ್ಚು ಜನ ಕೂಗಬೇಕಿತ್ತು, ಅದು ನನ್ನ ಬೇಸರ. ನೀನು ಹೇಳಿದ್ದರಲ್ಲಿ ನಿಜ ಇದೆ, ಕೋಚ್ ಆಯ್ಕೆ ಸರಿಯಾಗಿತ್ತು. ಆ ಆಯ್ಕೆ ಮಾಡಿದ್ದು ಯಾರು? ಅಲ್ಲಿ ಯಜಮಾನಿಕೆ ಸರಿಯಾಗಿ ನಡೆಯಿತು, ಇಲ್ಲಿ ನಡೆಯಲಿಲ್ಲ. ಬೇಕೆಂದರೆ ಮಾಡಬಲ್ಲರು ಅನ್ನುವುದು ಇದರಿಂದ ಗೊತ್ತಾಯಿತು, ಹಾಗಾಗಿಯೇ ನಾನು ಬಿಡದೆ ಕೇಳುತ್ತಿರುವುದು. ಕ್ವೆಸ್ ಇದ್ದ 2018-19ರಲ್ಲಿ ಒಂದೇ ಒಂದು ಅಂಕಕ್ಕೆ ಐ-ಲೀಗ್ ಕೈತಪ್ಪಿತು. ಚೆನ್ನೈ ಸಿಟಿಗೆ 43, ನಮಗೆ 42. ಆ ತಂಡವನ್ನು ಇನ್ನೆರಡು ವರ್ಷ ಒಟ್ಟಿಗೆ ಇಟ್ಟಿದ್ದರೆ ಏನಾಗುತ್ತಿತ್ತು? ನಾವು ಆಗ ಕ್ರೀಡಾಂಗಣದಲ್ಲಿ ಕೂಗಿದ್ದು ಕೋಚ್ ಹೆಸರು, ರೆಫರಿ ಹೆಸರು. ಒಪ್ಪಂದದ ಕಾಗದ ಎಲ್ಲಿಗೆ ಬಂತು ಅಂತ ಒಬ್ಬರೂ ಕೇಳಲಿಲ್ಲ.

ಯುವಕ: ಕೇಳುವುದಾದರೂ ಎಲ್ಲಿ ಸಾರ್? ಕೋಚ್ ಬೆಂಚು ಗ್ಯಾಲರಿಯಿಂದ ಕಾಣುತ್ತದೆ, ಕೂಗಿದರೆ ಕೇಳಿಸುತ್ತದೆ. ಒಪ್ಪಂದ ಬರೆಯುವ ಕೋಣೆಗೆ ನಮ್ಮ ದನಿ ತಲುಪುವುದಿಲ್ಲ. ಕೈಗೆ ಸಿಗುವವರನ್ನು ಕೇಳುತ್ತೇವೆ. ಅದು ತಪ್ಪೇ ಇರಬಹುದು, ಆದರೆ ಬೇರೆ ದಾರಿ ಯಾರೂ ತೋರಿಸಿಲ್ಲ.

ಹಿರಿಯರು: ಕೈಗೆ ಸಿಗುವವರನ್ನು ಕೇಳುವುದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಈ ಊರು ಕಂಡಿದೆ. 1980ರ ಆಗಸ್ಟ್ 16ಕ್ಕೆ ಈಡನ್ ಗಾರ್ಡನ್ಸ್‌ನಲ್ಲಿ ಡರ್ಬಿ ನೋಡಲು ಹೋದ ಹದಿನಾರು ಜನ ಮನೆಗೆ ಬರಲಿಲ್ಲ. 2012ರ ಡಿಸೆಂಬರ್‌ನಲ್ಲಿ ಇದೇ ಕ್ರೀಡಾಂಗಣದಲ್ಲಿ ಗ್ಯಾಲರಿಯಿಂದ ಬಂದ ಕಲ್ಲು ಆಟಗಾರ ರಹೀಮ್ ನಬಿಯ ಮುಖಕ್ಕೆ ಬಿತ್ತು, ಪಂದ್ಯ ಅರ್ಧಕ್ಕೆ ನಿಂತಿತು. ಅದೇ ಜನ ಬೇರೆ ರೀತಿಯಲ್ಲೂ ಕೇಳಬಲ್ಲರು. ಕಳೆದ ಆಗಸ್ಟ್ 18ಕ್ಕೆ ಡ್ಯುರಾಂಡ್ ಡರ್ಬಿ ರದ್ದಾಯಿತಲ್ಲ, ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ಕೊಲೆಯಾದ ವೈದ್ಯೆಗೆ ನ್ಯಾಯ ಬೇಕು ಅಂತ ನಮ್ಮವರು, ಮೋಹನ್ ಬಾಗಾನ್‌ನವರು, ಮೊಹಮ್ಮಡನ್‌ನವರು ಮಳೆಯಲ್ಲಿ ಈ ರಸ್ತೆಯಲ್ಲೇ ಒಟ್ಟಿಗೆ ನಿಂತರು. ಒಂದು ಕ್ಲಬ್ಬಿನವನು ಇನ್ನೊಂದು ಕ್ಲಬ್ಬಿನವನನ್ನು ಹೆಗಲ ಮೇಲೆ ಹೊತ್ತ. ಲಾಠಿ ಬಿದ್ದರೂ ಕದಲಲಿಲ್ಲ. ಅಷ್ಟು ದೊಡ್ಡ ಪ್ರಶ್ನೆ ಕೇಳಲು ಗೊತ್ತಿರುವವರಿಗೆ, ಜೂನ್ ತಿಂಗಳಲ್ಲಿ ಕ್ಲಬ್ ಟೆಂಟ್ ಮುಂದೆ ಶಾಂತವಾಗಿ ನಿಂತು “ಮುಂದಿನ ವರ್ಷದ ಲೆಫ್ಟ್ ಬ್ಯಾಕ್ ಯಾರು, ಸಹಿ ಯಾವಾಗ” ಅಂತ ಕೇಳಲು ಬಾರದೇ?

ಯುವಕ: ಜೂನ್‌ನಲ್ಲಿ ನಾನು ಬರುತ್ತೇನೆ ಸಾರ್, ನಿಮ್ಮ ಜೊತೆಗೇ ನಿಲ್ಲುತ್ತೇನೆ. ಲೆಫ್ಟ್ ಬ್ಯಾಕ್ ಕೇಳೋಣ, ಒಬ್ಬ ಒಳ್ಳೆಯ ಸ್ಟ್ರೈಕರ್‌ನನ್ನೂ ಕೇಳೋಣ. ಆದರೆ ಅವರು ಎಲ್ಲ ಕೊಟ್ಟ ಮೇಲೂ ಬ್ರುಝೋನ್ ಮೊದಲ ಮೂರು ಪಂದ್ಯ ಸೋತರೆ?

ಹಿರಿಯರು: ನಾಲ್ಕನೆಯದಕ್ಕೆ ಬಾ ಅನ್ನುತ್ತೇನೆ.

ಯುವಕ: ಬರುತ್ತೇನೆ. ಬಾಯಿ ಮುಚ್ಚಿಕೊಂಡು ಕೂರುತ್ತೇನೆ ಅಂತ ಮಾತ್ರ ಮಾತು ಕೊಡಲಾರೆ.

ಹಿರಿಯರು ಖಾಲಿ ಕುಡಿಕೆಯನ್ನು ತೊಟ್ಟಿಗೆ ಹಾಕಿ, ಮೆಟ್ರೊ ನಿಲ್ದಾಣದ ಕಡೆ ಹೆಜ್ಜೆ ಹಾಕಿದರು. ಪತ್ತನಾಜೆಗೆ ಇನ್ನೂ ಒಂದು ತಿಂಗಳಿತ್ತು. ಹುಡುಗ ಪಕ್ಕದಲ್ಲೇ ನಡೆಯುತ್ತ, ಹತ್ತನೇ ಸ್ಥಾನದಲ್ಲಿದ್ದ ಬೆಂಗಳೂರು ಒಂದೇ ವರ್ಷದಲ್ಲಿ ಮೂರಕ್ಕೆ ಏರಿದ್ದು ಝರಗೋಝಾ ಅವರಿಂದಲೋ, ಅವರನ್ನು ಉಳಿಸಿಕೊಂಡವರಿಂದಲೋ ಎಂದು ಮತ್ತೆ ಮೊದಲಿನಿಂದ ಶುರುಮಾಡಿದ.